ಹದಿಹರೆಯದವರು ನೋಡಬಹುದೇ? ಆ್ಯಕ್ಷನ್ ಸರಣಿಯೊಂದನ್ನು ತೂಗಿ ನೋಡುವ ಬಗೆ

ಜುಲೈನಲ್ಲಿ ಮಳೆ ಹೆಚ್ಚಾಗಿ ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರ ತಾಲ್ಲೂಕುಗಳ ಶಾಲೆಗಳಿಗೆ ಜಿಲ್ಲಾಡಳಿತ ರಜೆ ಘೋಷಿಸಿದ ದಿನಗಳಲ್ಲಿ, ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಅನೇಕ ಮನೆಗಳಲ್ಲಿ ಒಂದೇ ಬೇಡಿಕೆ ಏಳುತ್ತದೆ. ಹೊರಗೆ ಕಾಲಿಡುವಂತಿಲ್ಲ, ಕರೆಂಟು ಇರುವಷ್ಟು ಹೊತ್ತು ಟಿವಿ ಇದೆ, ಮತ್ತು ಒಂಬತ್ತನೇ ತರಗತಿಯ ಮಗನೋ ಮಗಳೋ ‘ಕ್ಲಾಸಲ್ಲಿ ಎಲ್ಲರೂ ನೋಡಿದ್ದಾರೆ’ ಎಂಬ ಸಾಕ್ಷ್ಯದೊಡನೆ ಎಂಟು–ಹತ್ತು ಕಂತುಗಳ ಆ್ಯಕ್ಷನ್ ಸರಣಿಯೊಂದನ್ನು ನೋಡಲು ಅನುಮತಿ ಕೇಳುತ್ತಾರೆ. ಹೆಚ್ಚಿನ ಪೋಷಕರು ಆಗ ಎರಡರಲ್ಲೊಂದು ಬಗೆಯಲ್ಲಿ ಉತ್ತರಿಸುತ್ತಾರೆ: ಪೋಸ್ಟರಿನಲ್ಲಿ ಬಂದೂಕು ಕಂಡರೆ ಬೇಡವೆನ್ನುತ್ತಾರೆ, ಇಲ್ಲವೇ ಪರದೆಯ ಮೂಲೆಯಲ್ಲಿ 13 ಎಂಬ ಅಂಕಿ ಕಂಡರೆ ಸರಿಯೆನ್ನುತ್ತಾರೆ. ಎರಡೂ ಅವಸರದ ತೀರ್ಮಾನಗಳು. ಸರಣಿಯೊಂದನ್ನು ನ್ಯಾಯವಾಗಿ ತೂಗಿ ನೋಡಲು ಸುಮಾರು ಎರಡು ಗಂಟೆ ಸಾಕಾಗುತ್ತದೆ. ಆ ಎರಡು ಗಂಟೆಗಳಲ್ಲಿ ಏನನ್ನು, ಯಾವ ಕ್ರಮದಲ್ಲಿ ನೋಡಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ವಯಸ್ಸಿನ ಗುರುತು ಎಷ್ಟನ್ನು ಹೇಳುತ್ತದೆ

ಒಂದೇ ಟಿವಿಯಲ್ಲಿ ಬರುವ ಕಾರ್ಯಕ್ರಮಗಳಿಗೆ ಮೂರು ಬೇರೆ ಬೇರೆ ವ್ಯವಸ್ಥೆಗಳು ಅನ್ವಯವಾಗುತ್ತವೆ ಎಂಬುದನ್ನು ಮೊದಲು ತಿಳಿದಿರಬೇಕು. ಚಿತ್ರಮಂದಿರಕ್ಕೆಂದು ತಯಾರಾದ ಸಿನಿಮಾವನ್ನು 1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಕೇಂದ್ರೀಯ ಚಲನಚಿತ್ರ ಪ್ರಮಾಣೀಕರಣ ಮಂಡಳಿಯು ನೋಡಿ ಪ್ರಮಾಣಪತ್ರ ಕೊಡುತ್ತದೆ. 2023ರ ತಿದ್ದುಪಡಿಯ ನಂತರ ಪೋಷಕರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ ಹಳೆಯ ಯು/ಎ ವರ್ಗವನ್ನು 7+, 13+, 16+ ಎಂದು ಮೂರಾಗಿ ಒಡೆಯಲಾಗಿದೆ. ಒಟಿಟಿಯಲ್ಲಿ, ಎಂದರೆ ಇಂಟರ್‌ನೆಟ್ ಮೂಲಕ ನೋಡುವ ವೇದಿಕೆಗಳಲ್ಲಿ, ಬರುವ ಸರಣಿಗೆ ಈ ಮಂಡಳಿ ಗುರುತು ಕೊಡುವುದಿಲ್ಲ. 2021ರ ಫೆಬ್ರವರಿಯಲ್ಲಿ ಬಂದ ಮಾಹಿತಿ ತಂತ್ರಜ್ಞಾನ ನಿಯಮಗಳಂತೆ, ಪ್ರಕಟಿಸುವ ಸಂಸ್ಥೆಯೇ ತನ್ನ ಸರಣಿಯನ್ನು ಯು (ಎಲ್ಲರಿಗೂ), ಯು/ಎ 7+, ಯು/ಎ 13+, ಯು/ಎ 16+, ಎ (ವಯಸ್ಕರಿಗೆ ಮಾತ್ರ) ಎಂಬ ಐದು ವರ್ಗಗಳಲ್ಲಿ ಒಂದಕ್ಕೆ ಸೇರಿಸಿ, ಹಾಗೆ ಸೇರಿಸಲು ಕಾರಣವಾದ ಅಂಶಗಳನ್ನು ಕಾರ್ಯಕ್ರಮದ ಆರಂಭದಲ್ಲಿ ತೋರಿಸಬೇಕು. ಇನ್ನು ಕೇಬಲ್ ಅಥವಾ ಡಿಟಿಎಚ್ ಮೂಲಕ ಬರುವ ವಾಹಿನಿಯ ಧಾರಾವಾಹಿಗೆ ಮುಂಚಿತವಾದ ಪ್ರಮಾಣಪತ್ರವೇ ಇಲ್ಲ. 1994ರ ಕೇಬಲ್ ಟೆಲಿವಿಷನ್ ನಿಯಮಗಳ ಕಾರ್ಯಕ್ರಮ ಸಂಹಿತೆಗೆ ಅದು ಬದ್ಧವಾಗಿರಬೇಕು, ತಪ್ಪಿದರೆ ದೂರು ಬಂದ ಮೇಲೆ ವಿಚಾರಣೆ.

ಇದರಿಂದ ಹೊರಡುವ ಎರಡು ವ್ಯಾವಹಾರಿಕ ಸಂಗತಿಗಳನ್ನು ಪೋಷಕರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಮೊದಲನೆಯದು, ವಯಸ್ಕರಿಗೆ ಮಾತ್ರ ಎಂಬ ಪ್ರಮಾಣಪತ್ರ ಪಡೆದ ಸಿನಿಮಾವನ್ನು ವಾಹಿನಿಯಲ್ಲಿ ಹಾಗೆಯೇ ತೋರಿಸುವಂತಿಲ್ಲ. ಕತ್ತರಿ ಹಾಕಿಸಿ ಬೇರೆ ಪ್ರಮಾಣಪತ್ರ ಪಡೆದ ಪ್ರತಿಯೇ ಪ್ರಸಾರವಾಗಬೇಕು. ಆದ್ದರಿಂದ ಭಾನುವಾರ ಮಧ್ಯಾಹ್ನ ಮನೆಮಂದಿಯೆಲ್ಲ ಕೂತು ನೋಡಿದ ಚಿತ್ರವೇ ಒಟಿಟಿಯಲ್ಲಿರುವಾಗ ಅದು ಅಷ್ಟೇ ಸೌಮ್ಯವಾಗಿರುತ್ತದೆ ಎಂದು ಭಾವಿಸಬಾರದು. ಎರಡನೆಯದು, ಮೊಬೈಲ್‌ಗೆ ಇಳಿಸಿಕೊಂಡ ಅಥವಾ ಪೆನ್ ಡ್ರೈವ್‌ನಲ್ಲಿ ಕೈಯಿಂದ ಕೈಗೆ ಬಂದ ಕಳ್ಳಪ್ರತಿಗೆ ಯಾವ ಗುರುತೂ, ಯಾವ ಎಚ್ಚರಿಕೆಯೂ ಇರುವುದಿಲ್ಲ. ನೆಟ್‌ವರ್ಕ್ ಸರಿಯಾಗಿ ಸಿಗದ ಕಳಸ, ಹೆತ್ತೂರು ಕಡೆಯ ಊರುಗಳಲ್ಲಿ ಮಕ್ಕಳು ಪೇಟೆಯಲ್ಲಿ ಇಳಿಸಿಕೊಂಡು ಬಂದು ಮನೆಯಲ್ಲಿ ನೋಡುವುದು ಹೊಸತೇನಲ್ಲ. ಹಾಗೆ ಬಂದ ಸರಣಿಯ ಬಗ್ಗೆ ತೀರ್ಮಾನಿಸುವ ಮುನ್ನ ಅದರ ಅಧಿಕೃತ ಪುಟವನ್ನು ತೆರೆದು ಅಲ್ಲಿರುವ ವರ್ಗವನ್ನಾದರೂ ಓದಿಕೊಳ್ಳಬೇಕು. ವಿದೇಶಿ ಸರಣಿಗಳ ಬಗ್ಗೆ ಹುಡುಕುವಾಗ ಅಮೆರಿಕದ ಗುರುತುಗಳೂ ಎದುರಾಗುತ್ತವೆ. ಅಲ್ಲಿ 1997ರಿಂದ ಜಾರಿಯಲ್ಲಿರುವ ಪದ್ಧತಿಯಲ್ಲಿ ಟಿವಿ–14 ಎಂದರೆ ಹದಿನಾಲ್ಕಕ್ಕಿಂತ ಚಿಕ್ಕವರಿಗೆ ಸೂಕ್ತವಲ್ಲದ ಅಂಶಗಳಿವೆ ಎಂದು, ಟಿವಿ–ಎಂಎ ಎಂದರೆ ವಯಸ್ಕರಿಗೆಂದೇ ಮಾಡಿದ್ದು ಎಂದು. ಜೊತೆಗಿರುವ ವಿ ಎಂಬ ಅಕ್ಷರ ಹಿಂಸೆಯನ್ನೂ, ಎಲ್ ಒರಟು ಭಾಷೆಯನ್ನೂ, ಎಸ್ ಲೈಂಗಿಕ ದೃಶ್ಯಗಳನ್ನೂ, ಡಿ ಅಂಥ ಸೂಚನೆಯುಳ್ಳ ಸಂಭಾಷಣೆಯನ್ನೂ ಸೂಚಿಸುತ್ತದೆ.

ಗುರುತನ್ನು ಕಡೆಗಣಿಸಬೇಕೆಂದು ಇದರ ಅರ್ಥವಲ್ಲ. ಎ ಎಂದಿದ್ದರೆ ಹದಿನೆಂಟರ ಒಳಗಿನವರ ಮಟ್ಟಿಗೆ ಚರ್ಚೆ ಅಲ್ಲಿಗೇ ಮುಗಿಯಬೇಕು ಎಂಬುದು ನನ್ನ ಅಭಿಪ್ರಾಯ; ವಿನಾಯಿತಿ ಹುಡುಕುವಷ್ಟು ಅನಿವಾರ್ಯವಾದ ಆ್ಯಕ್ಷನ್ ಸರಣಿ ಯಾವುದೂ ಇಲ್ಲ. 13+ ಮತ್ತು 16+ ಎಂಬ ಗುರುತುಗಳು ಮಾತ್ರ ಪರಿಶೀಲನೆಯ ಆರಂಭಬಿಂದುಗಳು. ಅಂಕಿಯ ಪಕ್ಕದಲ್ಲಿ ಸಣ್ಣಕ್ಷರಗಳಲ್ಲಿ ಹಿಂಸೆ, ಭಾಷೆ, ಮಾದಕವಸ್ತು, ಲೈಂಗಿಕತೆ, ಅನುಕರಿಸಬಹುದಾದ ವರ್ತನೆ ಎಂದು ಬರೆದಿರುವುದನ್ನು ಅಂಕಿಗಿಂತ ಹೆಚ್ಚು ಗಮನವಿಟ್ಟು ಓದಬೇಕು, ಏಕೆಂದರೆ ನಿಮ್ಮ ಮಗುವಿಗೆ ಯಾವುದು ಭಾರವಾದೀತೆಂಬುದು ನಿಮಗೆ ಗೊತ್ತಿರುತ್ತದೆ, ಗುರುತು ಕೊಟ್ಟವರಿಗೆ ಗೊತ್ತಿರುವುದಿಲ್ಲ. ಮುಂದಿನ ಸೀಸನ್‌ಗಳ ಗುರುತನ್ನೂ ಆಗಲೇ ನೋಡಿಟ್ಟುಕೊಳ್ಳುವುದು ಒಳ್ಳೆಯದು. ಮೊದಲ ಸೀಸನ್ ಸೌಮ್ಯವಾಗಿದ್ದು ಎರಡನೆಯದು ಕ್ರೂರವಾದರೆ, ಅರ್ಧದಲ್ಲಿ ನಿಲ್ಲಿಸು ಎಂದು ಹೇಳುವುದು ಆರಂಭದಲ್ಲಿ ಬೇಡವೆನ್ನುವುದಕ್ಕಿಂತ ಬಹಳ ಕಷ್ಟ.

ಯಾವ ಕಂತುಗಳನ್ನು ನೋಡಬೇಕು

ಟ್ರೇಲರ್ ನೋಡಿ ತೀರ್ಮಾನಿಸಬೇಡಿ. ಟ್ರೇಲರ್ ಎಂಬುದು ಜಾಹೀರಾತು. ಒಮ್ಮೊಮ್ಮೆ ಸರಣಿಗಿಂತ ಉಗ್ರವಾಗಿಯೂ, ಒಮ್ಮೊಮ್ಮೆ ನಿಜವಾದ ಕ್ರೌರ್ಯವನ್ನೆಲ್ಲ ಬಚ್ಚಿಟ್ಟೂ ಇರುತ್ತದೆ. ಮೊದಲ ಕಂತನ್ನು ಪೂರ್ತಿಯಾಗಿ ನೋಡಿ, ಆಮೇಲೆ ನಡುವಿನ ಒಂದು ಕಂತಿನ ಕೊನೆಯ ಇಪ್ಪತ್ತು ನಿಮಿಷಗಳನ್ನು, ನಂತರ ಕೊನೆಯದಕ್ಕಿಂತ ಹಿಂದಿನ ಕಂತನ್ನು ನೋಡುವುದು ಉಪಯುಕ್ತ ಕ್ರಮ. ಇಂಥ ಸರಣಿಗಳಲ್ಲಿ ಸೆರೆ ಸಿಕ್ಕವನಿಗೆ ಕೊಡುವ ಚಿತ್ರಹಿಂಸೆ, ಪ್ರೀತಿಪಾತ್ರ ವ್ಯಕ್ತಿಯ ಸಾವು, ನಾಯಕ ಪೂರ್ತಿ ಸೋಲುವ ಘಟ್ಟಗಳು ಸಾಮಾನ್ಯವಾಗಿ ಕೊನೆಯ ಕಂತಿಗೆ ಮುನ್ನವೇ ಬರುತ್ತವೆ. ಕೊನೆಯ ಕಂತು ಲೆಕ್ಕ ತೀರಿಸುವುದಕ್ಕೆ ಮೀಸಲು. ಕಥೆಯ ಗುಟ್ಟು ಬಯಲಾಗುತ್ತದೆಂಬ ಚಿಂತೆ ಪೋಷಕರಿಗೆ ಬೇಕಿಲ್ಲ.

ನೋಡುವಾಗ ಒಂದು ಹೊಡೆದಾಟದ ದೃಶ್ಯವನ್ನು ಆರಿಸಿಕೊಂಡು ಎರಡು ಸಲ ನೋಡಿ: ಒಮ್ಮೆ ಧ್ವನಿ ಪೂರ್ತಿ ನಿಲ್ಲಿಸಿ, ಇನ್ನೊಮ್ಮೆ ಪರದೆಗೆ ಬೆನ್ನು ಹಾಕಿ ಧ್ವನಿಯನ್ನು ಮಾತ್ರ ಕೇಳಿ. ಧ್ವನಿಯಿಲ್ಲದೆ ನೋಡಿದಾಗ ದೇಹಕ್ಕೆ ಏನಾಗುತ್ತಿದೆ ಎಂಬುದು, ಎಂದರೆ ರಕ್ತ, ಗಾಯ, ಮುರಿದ ಕೈ ಎಷ್ಟು ಹೊತ್ತು ಪರದೆಯ ಮೇಲಿರುತ್ತವೆ ಎಂಬುದು ತಿಳಿಯುತ್ತದೆ. ಧ್ವನಿ ಮಾತ್ರ ಕೇಳಿದಾಗ ಆ ಹೊಡೆತವನ್ನು ನೋಡುವವರು ಹೇಗೆ ಸ್ವೀಕರಿಸಬೇಕೆಂದು ತಯಾರಕರು ಬಯಸಿದ್ದಾರೆ ಎಂಬುದು ತಿಳಿಯುತ್ತದೆ. ಬಿದ್ದವನ ನರಳಾಟ ಕೇಳಿಸುತ್ತದೆಯೇ, ಅಥವಾ ನಾಯಕನ ಹೆಜ್ಜೆಗೆ ಹೊಂದಿಸಿದ ತಮಟೆ, ಡ್ರಮ್ಮು, ಗಿಟಾರಿನ ಅಬ್ಬರದಲ್ಲಿ ಅದು ಮುಳುಗಿಹೋಗಿದೆಯೇ? ರಕ್ತ ಕಡಿಮೆಯಿದ್ದು ಸಂಗೀತದ ಮೂಲಕ ಕೊಲೆಯನ್ನು ಹಬ್ಬವಾಗಿಸುವ ದೃಶ್ಯವನ್ನು, ರಕ್ತ ಹೆಚ್ಚಿದ್ದು ಅದರ ಭಾರವನ್ನು ಉಳಿಸುವ ದೃಶ್ಯಕ್ಕಿಂತ ಹೆಚ್ಚು ಅನುಮಾನದಿಂದ ನೋಡಬೇಕೆಂದು ನನಗೆ ತೋರುತ್ತದೆ.

ಹೊಡೆತದ ನಂತರ ಏನಾಗುತ್ತದೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಮುಂದೆ ಶಾಲಾ ಪ್ರವಾಸದ ಮಕ್ಕಳು ಸಾಲಾಗಿ ನಡೆದುಹೋಗುವಾಗ, ಅವರು ಕಾಣುವುದರಲ್ಲಿ ಯುದ್ಧಕ್ಕೇನೂ ಕೊರತೆಯಿಲ್ಲ. ರಥಗಳು, ಬಿಲ್ಲುಗಳು, ಉರುಳಿದ ಆನೆಗಳು, ಚಕ್ರವ್ಯೂಹದೊಳಗಿನ ಅಭಿಮನ್ಯು ಅಲ್ಲಿದ್ದಾರೆ. ಆದರೆ ಶರಶಯ್ಯೆಯ ಮೇಲೆ ಮಲಗಿದ ಭೀಷ್ಮನೂ ಅದೇ ಗೋಡೆಯಲ್ಲಿದ್ದಾನೆ, ಮತ್ತು ಶಿಲ್ಪಿ ಅವನನ್ನು ರಥಗಳಷ್ಟೇ ಶ್ರದ್ಧೆಯಿಂದ ಕೆತ್ತಿದ್ದಾನೆ. ಹಿಂಸೆಯಿರುವ ಕಥೆಯೆಲ್ಲ ಮಕ್ಕಳಿಗೆ ಕೆಟ್ಟದ್ದೆಂದು ಹೇಳುವವರು ಮಹಾಭಾರತವನ್ನೂ ಕಪಾಟಿನಲ್ಲಿಡಬೇಕಾಗುತ್ತದೆ. ಬಾಣ ಬಿಟ್ಟವನನ್ನು ತೋರಿಸಿದ ಕಥೆ ಬಾಣ ತಗುಲಿದವನ ಬಳಿಯೂ ನಿಲ್ಲುತ್ತದೆಯೇ ಎಂಬ ಪ್ರಶ್ನೆಯನ್ನು ಯಾವ ಆ್ಯಕ್ಷನ್ ಸರಣಿಗಾದರೂ ಕೇಳಬಹುದು, ಮತ್ತು ಉಳಿದ ಪ್ರಶ್ನೆಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಇದು ಕೇವಲ ರುಚಿಯ ವಿಷಯವಲ್ಲ. 1990ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಸೇರಿ ನಡೆಸಿದ ಟೆಲಿವಿಷನ್ ಹಿಂಸೆಯ ಅಧ್ಯಯನವು, ಎಷ್ಟು ಹಿಂಸೆ ಎಂಬುದಕ್ಕಿಂತ ಯಾವ ಸಂದರ್ಭದ ಹಿಂಸೆ ಎಂಬುದಕ್ಕೆ ಮಹತ್ವ ಕೊಟ್ಟಿತು. ಹೊಡೆಯುವವನು ಆಕರ್ಷಕನೇ, ಅವನ ಹೊಡೆತಕ್ಕೆ ಕಥೆ ಸಮರ್ಥನೆ ಕೊಡುತ್ತದೆಯೇ, ಅವನಿಗೆ ಶಿಕ್ಷೆಯಾಗುತ್ತದೆಯೇ ಅಥವಾ ಬಹುಮಾನ ಸಿಗುತ್ತದೆಯೇ, ಪೆಟ್ಟು ತಿಂದವನ ನೋವು ಕಾಣುತ್ತದೆಯೇ, ಹಾಸ್ಯದ ಲೇಪವಿದೆಯೇ, ದೃಶ್ಯ ನಿಜ ಜೀವನಕ್ಕೆ ಎಷ್ಟು ಹತ್ತಿರ ಎಂಬಂಥ ಅಂಶಗಳನ್ನು ಅದು ಪರಿಶೀಲಿಸಿತು. ಆ ಕಾಲದ ಅಮೆರಿಕದ ಟಿವಿಯಲ್ಲಿ ಹಿಂಸೆಯ ದೃಶ್ಯಗಳ ಸುಮಾರು ಮುಕ್ಕಾಲು ಪಾಲಿನಲ್ಲಿ ಹೊಡೆದವನಿಗೆ ಯಾವ ಶಿಕ್ಷೆಯೂ ಆಗಲಿಲ್ಲವೆಂದು ಅದು ಗುರುತಿಸಿತು. ಇಂದಿನ ನಮ್ಮ ಸರಣಿಗಳಿಗೆ ಆ ಅಂಕಿ ಅನ್ವಯಿಸದು. ಆ ಪ್ರಶ್ನೆಗಳು ಮಾತ್ರ ಈಗಲೂ ಉಪಯೋಗಕ್ಕೆ ಬರುತ್ತವೆ. ಇದೇ ಸಂದರ್ಭದಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ದೊಡ್ಡವರು ಬೊಂಬೆಯನ್ನು ಹೊಡೆಯುವುದನ್ನು ಕಂಡ ಮಕ್ಕಳು ತಾವೂ ಹಾಗೆಯೇ ಹೊಡೆದರೆಂದು ತೋರಿಸಿದ, ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1961ರಲ್ಲಿ ನಡೆಸಿದ ಪ್ರಸಿದ್ಧ ಪ್ರಯೋಗವನ್ನು ಮುಂದಿಟ್ಟುಕೊಂಡು, ಟಿವಿ ನೋಡಿದ ಹುಡುಗ ಹೊಡೆದೇ ಹೊಡೆಯುತ್ತಾನೆ ಎಂದು ಹೆದರಿಸುವವರಿದ್ದಾರೆ. ಆ ಪ್ರಯೋಗ ನಡೆದದ್ದು ಮೂರರಿಂದ ಆರು ವರ್ಷದ ಮಕ್ಕಳ ಮೇಲೆ, ಮತ್ತು ಅವರು ಅನುಕರಿಸಿದ್ದು ತಮ್ಮೆದುರೇ ನಿಂತಿದ್ದ ದೊಡ್ಡವರನ್ನು. ಹದಿನೈದರ ಹುಡುಗಿಗೆ ಅದನ್ನು ನೇರವಾಗಿ ಹೊಂದಿಸುವುದು ಸರಿಯಲ್ಲ. ಹದಿಹರೆಯದವರ ವಿಷಯದಲ್ಲಿ ಹೆಚ್ಚು ಗಮನಿಸಬೇಕಾದದ್ದು ಮಾಧ್ಯಮ ಸಂಶೋಧಕ ಜಾರ್ಜ್ ಗರ್ಬ್ನರ್ ಎತ್ತಿದ ಸಂಗತಿ: ಹಿಂಸೆಯನ್ನೇ ಹೆಚ್ಚಾಗಿ ನೋಡುವವರು ಹೊರಗಿನ ಜಗತ್ತು ಇರುವುದಕ್ಕಿಂತಲೂ ಅಪಾಯಕಾರಿ, ಜನ ನಂಬಲು ಯೋಗ್ಯರಲ್ಲ ಎಂದು ಭಾವಿಸತೊಡಗುತ್ತಾರೆ ಎಂಬುದು.

ಈ ಪ್ರಶ್ನೆಗಳನ್ನು ಸರಣಿಗೆ ಹಾಕುವಾಗ ಖಳನಿಗಿಂತ ನಾಯಕನ ಮೇಲೆ ಕಣ್ಣಿಡಿ. ಖಳ ಕ್ರೂರಿ ಎಂಬುದು ಮಕ್ಕಳಿಗೆ ತಾನಾಗಿಯೇ ತಿಳಿಯುತ್ತದೆ. ತೊಡಕಿರುವುದು ಪೊಲೀಸ್ ಅಧಿಕಾರಿಯಾದ ನಾಯಕ ಠಾಣೆಯಲ್ಲಿ ಆರೋಪಿಯನ್ನು ತಲೆಕೆಳಗಾಗಿ ಕಟ್ಟಿ ಹೊಡೆದು ಸತ್ಯ ಹೊರಡಿಸುವಾಗ, ಮತ್ತು ಪ್ರತಿ ಸಲವೂ ಆ ವಿಧಾನ ಫಲ ಕೊಡುವಾಗ. ಹೊಡೆದರೆ ನಿಜ ಹೊರಬರುತ್ತದೆ, ನ್ಯಾಯಾಲಯಕ್ಕೆ ಹೋದರೆ ಖಳ ತಪ್ಪಿಸಿಕೊಳ್ಳುತ್ತಾನೆ ಎಂಬ ಲೆಕ್ಕವನ್ನು ಹತ್ತು ಕಂತುಗಳು ಒಂದೂ ಅಪವಾದವಿಲ್ಲದೆ ಹೇಳಿದರೆ, ಅದನ್ನು ಹದಿಮೂರರ ಮಗುವಿಗೆ ಒಂಟಿಯಾಗಿ ನೋಡಲು ಬಿಡಬಾರದು. ಹದಿನೇಳರವರು ಅದನ್ನು ನೋಡಿ ವಾದಿಸಬಲ್ಲರು, ಹಾಗೆ ವಾದಿಸುವುದು ಅವರಿಗೆ ಒಳ್ಳೆಯದೂ ಹೌದು.

ನಮ್ಮ ಮನೆಯಲ್ಲೇ ಇರುವ ಆಯುಧ, ನಮ್ಮದೇ ತಿರುವು

ಯಾವ ದೃಶ್ಯ ಅನುಕರಣೆಗೆ ಸುಲಭ ಎಂಬುದು ಊರಿಂದ ಊರಿಗೆ ಬದಲಾಗುತ್ತದೆ. ಬಾಹ್ಯಾಕಾಶ ನೌಕೆಯಿಂದ ಲೇಸರ್ ಹಾರಿಸುವುದನ್ನು ಯಾರೂ ಅನುಕರಿಸಲಾರರು. ಆದರೆ ಮಚ್ಚು, ಕತ್ತಿಗಳು ನಮ್ಮ ತೋಟಗಳಲ್ಲಿ ದಿನನಿತ್ಯದ ಸಲಕರಣೆಗಳು. ನಗರದ ಹುಡುಗನಿಗೆ ಪರದೆಯಲ್ಲಷ್ಟೇ ಕಾಣುವ ಲಾಂಗು ಇಲ್ಲಿಯ ಹುಡುಗನಿಗೆ ಕೊಟ್ಟಿಗೆಯ ಗೋಡೆಯ ಮೇಲೆ ತೂಗುವ ಮಚ್ಚಿನ ಅಣ್ಣ. ಮಲೆನಾಡಿನ ಅನೇಕ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಯೂ ಇರುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಇಪ್ಪತ್ತೊಂದು ವರ್ಷ ತುಂಬದವರಿಗೆ ಬಂದೂಕಿನ ಪರವಾನಗಿ ಸಿಗುವುದಿಲ್ಲ. ಹೀಗಿರುವಾಗ, ಬಂದೂಕನ್ನು ಆಟಿಕೆಯಂತೆ ತಿರುಗಿಸುವ, ಹಣೆಗೆ ಗುರಿಯಿಟ್ಟು ತಮಾಷೆ ಮಾಡುವ ದೃಶ್ಯಗಳು ತುಂಬಿರುವ ಸರಣಿಯನ್ನು ಒಪ್ಪುವ ಮುನ್ನ ಆ ಮನೆಯವರು ಮೊದಲು ಮಾಡಬೇಕಾದ ಕೆಲಸ ಟಿವಿಗೆ ಸಂಬಂಧಿಸಿದ್ದೇ ಅಲ್ಲ: ಕೋವಿಯನ್ನೂ ತೋಟಾಗಳನ್ನೂ ಬೇರೆ ಬೇರೆ ಕಡೆ ಬೀಗದಲ್ಲಿಟ್ಟು ಕೀಲಿಯನ್ನು ತಮ್ಮ ಬಳಿ ಇಟ್ಟುಕೊಳ್ಳುವುದು.

ಬೈಕ್ ಮತ್ತು ಜೀಪುಗಳ ದೃಶ್ಯಗಳನ್ನು ಇನ್ನೂ ಕಟ್ಟುನಿಟ್ಟಾಗಿ ನೋಡಬೇಕೆನ್ನುತ್ತೇನೆ. ಗುಂಡಿನ ಕಾಳಗವನ್ನು ಯಾವ ವಿದ್ಯಾರ್ಥಿಯೂ ಮಾರನೆಯ ದಿನ ಮಾಡಿನೋಡುವುದಿಲ್ಲ. ಘಾಟಿಯ ತಿರುವಿನಲ್ಲಿ ಲಾರಿಯನ್ನು ಹಿಂದಿಕ್ಕುವುದನ್ನು ಮಾಡಿನೋಡುತ್ತಾನೆ. ಚಾರ್ಮಾಡಿ, ಶಿರಾಡಿ ಘಾಟಿಗಳೂ ಮುಳ್ಳಯ್ಯನಗಿರಿಯ ಕಿರಿದಾದ ರಸ್ತೆಯೂ ನಮ್ಮ ಬಾಗಿಲಲ್ಲೇ ಇವೆ, ಮಳೆಗಾಲದಲ್ಲಿ ಅಲ್ಲಿ ಮಂಜು ಕವಿದಿರುತ್ತದೆ, ಮತ್ತು ಅಪ್ಪನ ಬೈಕಿನ ಕೀಲಿ ಬಹುತೇಕ ಮನೆಗಳಲ್ಲಿ ಮೊಳೆಗೆ ನೇತಾಡುತ್ತಿರುತ್ತದೆ. ಗೇರ್ ಇರುವ ಬೈಕ್ ಓಡಿಸಲು ಹದಿನೆಂಟು ತುಂಬಿರಬೇಕು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು, ಓಡಿಸಿದವರಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಚಾಲನಾ ಪರವಾನಗಿ ಇಲ್ಲ. ಸರಣಿಯಲ್ಲಿ ನಾಯಕ ಹೆಲ್ಮೆಟ್ ಇಲ್ಲದೆ ಹಾರಿ ಬಿದ್ದು ಎದ್ದು ನಡೆಯುತ್ತಾನೆಯೇ, ಅವನ ಹಿಂದೆ ಬಂದ ವಾಹನಗಳಲ್ಲಿದ್ದವರಿಗೆ ಏನಾಯಿತೆಂದು ಕಥೆ ಎಂದಾದರೂ ಕೇಳುತ್ತದೆಯೇ ಎಂದು ನೋಡಿ.

ಹೊಡೆದಾಟದ ಆಚೆಗೆ

ಆ್ಯಕ್ಷನ್ ಎಂದೊಡನೆ ಹೊಡೆದಾಟವನ್ನೇ ಹುಡುಕುತ್ತ ಕೂರುವುದರಿಂದ ತಪ್ಪಿಹೋಗುವ ಸಂಗತಿಗಳು ಕೆಲವಿವೆ. ಹೆಂಗಸರ ಮೇಲಿನ ದೌರ್ಜನ್ಯವನ್ನು ನಾಯಕನ ಸೇಡಿಗೆ ನೆಪವಾಗಿ ಮಾತ್ರ ಬಳಸುವುದು ಅವುಗಳಲ್ಲಿ ಮುಖ್ಯವಾದುದು. ಮೊದಲ ಕಂತಿನಲ್ಲಿ ತಂಗಿಯ ಮೇಲೆ ಅತ್ಯಾಚಾರ ನಡೆಯುತ್ತದೆ, ಮುಂದಿನ ಒಂಬತ್ತು ಕಂತುಗಳಲ್ಲಿ ಅಣ್ಣ ಹೊಡೆಯುತ್ತಾನೆ, ತಂಗಿ ಏನು ಅನುಭವಿಸಿದಳು, ಮುಂದೆ ಹೇಗೆ ಬದುಕಿದಳು ಎಂಬುದಕ್ಕೆ ಹತ್ತು ನಿಮಿಷವೂ ಸಿಗುವುದಿಲ್ಲ. ಇಂಥ ಸರಣಿಯಲ್ಲಿ ರಕ್ತ ಕಡಿಮೆಯಿದ್ದರೂ ನಾನು ಅದನ್ನು ಹದಿನಾರರ ಕೆಳಗಿನವರಿಗೆ, ಅದರಲ್ಲೂ ಹುಡುಗರಿಗೆ, ಶಿಫಾರಸು ಮಾಡುವುದಿಲ್ಲ. ಖಳರೆಲ್ಲರೂ ಒಂದೇ ಧರ್ಮದವರು, ಒಂದೇ ಪ್ರದೇಶದವರು, ಅಥವಾ ತೋಟದ ಲೈನ್ ಮನೆಗಳಲ್ಲಿರುವ ವಲಸೆ ಕಾರ್ಮಿಕರಂಥವರು ಎಂದು ಬಿಂಬಿಸುವ ಸರಣಿಗೂ ಇದೇ ಮಾತು ಅನ್ವಯಿಸುತ್ತದೆ. ಆ ಜನರ ಮಕ್ಕಳು ನಿಮ್ಮ ಮಗುವಿನ ತರಗತಿಯಲ್ಲೇ ಕೂತಿರಬಹುದು.

ಆತ್ಮಹತ್ಯೆಯನ್ನು ತೋರಿಸುವ ಬಗೆಯನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು. ವಿಧಾನವನ್ನು ವಿವರವಾಗಿ ತೋರಿಸಿದ್ದರೆ, ಅಥವಾ ಅದನ್ನು ವೀರೋಚಿತ ಬಿಡುಗಡೆಯೆಂಬಂತೆ ಚಿತ್ರಿಸಿದ್ದರೆ, ಉಳಿದೆಲ್ಲ ಚೆನ್ನಾಗಿದ್ದರೂ ಆ ಕಂತನ್ನು ತಪ್ಪಿಸುವುದು ಅಥವಾ ಸರಣಿಯನ್ನೇ ಕೈಬಿಡುವುದು ಉತ್ತಮ. ಸಿಗರೇಟು, ಮದ್ಯದ ವಿಷಯ ಸರಳ. 2023ರ ಸೆಪ್ಟೆಂಬರ್ 1ರಿಂದ ಒಟಿಟಿಯಲ್ಲೂ ತಂಬಾಕು ವಿರೋಧಿ ಎಚ್ಚರಿಕೆ ಕಡ್ಡಾಯವಾಗಿದೆ, ಆದರೆ ಎಚ್ಚರಿಕೆಯ ಸಾಲು ಕೆಳಗೆ ಓಡುತ್ತಿರುವಾಗ ಮೇಲೆ ನಾಯಕ ಅದೇ ಸಿಗರೇಟಿನಿಂದ ಗಾಂಭೀರ್ಯ ಪಡೆಯುತ್ತಿದ್ದರೆ ಯಾವುದು ಗೆಲ್ಲುತ್ತದೆಂದು ಹೇಳಬೇಕಿಲ್ಲ.

ಬೈಗುಳದ ಬಗ್ಗೆ ನಮ್ಮಲ್ಲಿ ಇರುವಷ್ಟು ಕಳವಳ ಅಗತ್ಯವಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೇಳದ ಮಾತನ್ನು ಸರಣಿಗಳು ಅಪರೂಪಕ್ಕೆ ಕಲಿಸುತ್ತವೆ. ಒಂದು ವಿಷಯವನ್ನು ಮಾತ್ರ ನೆನಪಿನಲ್ಲಿಡಿ. ಕನ್ನಡಕ್ಕೆ ಡಬ್ ಆದ ಧ್ವನಿಯಲ್ಲಿ ಬೈಗುಳ ಮೆತ್ತಗಾಗಿದ್ದು ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಹಾಗೆಯೇ ಉಳಿದಿರುವುದುಂಟು, ಆದ್ದರಿಂದ ಮಗು ಯಾವ ಭಾಷೆಯಲ್ಲಿ ನೋಡಲಿದೆಯೋ ಅದೇ ಭಾಷೆಯಲ್ಲಿ, ಸಬ್‌ಟೈಟಲ್ ಸಮೇತ ನೀವೂ ನೋಡಿ.

ನೋಡುವ ಮಗು ಯಾರು

ಹದಿಮೂರರಿಂದ ಹತ್ತೊಂಬತ್ತರವರೆಗಿನವರನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಪರಿಶೀಲನೆಯನ್ನೇ ನಿಷ್ಫಲಗೊಳಿಸುತ್ತದೆ. ಎಂಟನೇ ತರಗತಿಯವರು ಕಥೆಯ ಘಟನೆಗಳನ್ನು ಹಿಡಿಯುತ್ತಾರೆ, ಆದರೆ ಕಥೆ ತನ್ನ ನಾಯಕನನ್ನೇ ಟೀಕಿಸುತ್ತಿರುವ ಸೂಕ್ಷ್ಮ ಅವರಲ್ಲಿ ಹಲವರಿಗೆ ದಕ್ಕುವುದಿಲ್ಲ. ದ್ವಿತೀಯ ಪಿಯುಸಿಯವರಿಗೆ ಅದು ದಕ್ಕುತ್ತದೆ, ಕೆಲವೊಮ್ಮೆ ನಮಗಿಂತ ಚೆನ್ನಾಗಿ. ವಯಸ್ಸಿನಷ್ಟೇ ಸ್ವಭಾವವೂ ಮುಖ್ಯ. ರಾತ್ರಿ ಒಬ್ಬರೇ ಬಚ್ಚಲಿಗೆ ಹೋಗಲು ಹೆದರುವ ಹದಿನೈದರವರೂ ಇರುತ್ತಾರೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಆ ಮಗು ಜೀವನದಲ್ಲಿ ಏನನ್ನು ಕಂಡಿದೆ ಎಂಬುದನ್ನು ಯೋಚಿಸಿ. ರಸ್ತೆ ಅಪಘಾತದಲ್ಲಿ ಮನೆಯವರೊಬ್ಬರನ್ನು ಕಳೆದುಕೊಂಡ ಮಗುವಿಗೆ ಕಾರು ಪಲ್ಟಿಯಾಗುವ ದೃಶ್ಯ ಬರೀ ಸ್ಟಂಟ್ ಆಗಿರುವುದಿಲ್ಲ. ಆಲೂರು, ಬೇಲೂರು, ಸಕಲೇಶಪುರ, ಮೂಡಿಗೆರೆ ಕಡೆಗಳಲ್ಲಿ ಕಾಡಾನೆಯ ದಾಳಿಯಿಂದ ಜೀವ ಹೋದುದನ್ನು ಹತ್ತಿರದಿಂದ ಕಂಡ ಮಕ್ಕಳಿದ್ದಾರೆ. ಕುಡಿದು ಬಂದ ತಂದೆ ತಾಯಿಗೆ ಹೊಡೆಯುವುದನ್ನು ಕಂಡವರೂ ಇದ್ದಾರೆ. ಅಂಥವರಿಗೆ 13+ ಎಂಬ ಗುರುತು ಯಾವ ಭರವಸೆಯನ್ನೂ ಕೊಡಲಾರದು. ಜೊತೆಗೆ, ದೊಡ್ಡವನಿಗೆಂದು ಒಪ್ಪಿದ ಸರಣಿಯನ್ನು ಹಜಾರದಲ್ಲಿ ಹಾಕಿದರೆ ಏಳು ವರ್ಷದ ತಂಗಿಯೂ ಅಲ್ಲೇ ಕೂರುತ್ತಾಳೆ ಎಂಬುದನ್ನು ಮರೆಯದಿರಿ.

ತೀರ್ಮಾನ ಮತ್ತು ಅದನ್ನು ಹೇಳುವ ರೀತಿ

ಉತ್ತರ ಹೌದು ಅಥವಾ ಬೇಡ ಎಂದೇ ಇರಬೇಕಿಲ್ಲ. ಒಬ್ಬರೇ ನೋಡಬಹುದು, ಜೊತೆಯಲ್ಲಿ ಕೂತು ನೋಡೋಣ, ಇಂತಿಂಥ ಕಂತು ಬಿಟ್ಟು ನೋಡಬಹುದು, ಹತ್ತನೇ ತರಗತಿಯ ಪರೀಕ್ಷೆ ಮುಗಿದ ಮೇಲೆ ನೋಡಬಹುದು ಎಂಬ ನಡುವಿನ ಉತ್ತರಗಳೇ ಹೆಚ್ಚಿನ ಸಂದರ್ಭಗಳಲ್ಲಿ ಸರಿಯಾಗಿರುತ್ತವೆ. ಬೇಡವೆಂದಾಗಲೂ ಕಾರಣವನ್ನು ಸರಣಿಯೊಳಗಿನಿಂದಲೇ ಕೊಡಬೇಕು. ‘ಅಮ್ಮ, ಎಲ್ರೂ ನೋಡಿದಾರೆ ಕಣಮ್ಮ’ ಎಂದು ಮಗ ಹಟ ಹಿಡಿದಾಗ ‘ನಿಂಗೆ ಅದೆಲ್ಲಾ ಬೇಡ, ಓದ್ಕೋ ಹೋಗು’ ಎನ್ನುವುದರಿಂದ ಅವನು ಅದನ್ನು ಗೆಳೆಯನ ಮೊಬೈಲಿನಲ್ಲಿ ನೋಡುತ್ತಾನೆ, ಅಷ್ಟೆ. ‘ಐದನೇ ಕಂತಲ್ಲಿ ಆ ಹುಡುಗನ್ನ ಕಟ್ಟಿಹಾಕಿ ಹಿಂಸೆ ಕೊಡೋದಿದೆ ಕಣೋ, ನಾನೇ ಪೂರ್ತಿ ನೋಡಕ್ಕಾಗ್ಲಿಲ್ಲ. ನಾಲ್ಕರವರೆಗೆ ನೋಡು, ಅದನ್ನ ಶನಿವಾರ ನಾನೂ ಅಪ್ಪನೂ ಇದ್ದಾಗ ನೋಡೋಣ’ ಎಂದರೆ, ತಾಯಿ ನೋಡಿಯೇ ಮಾತಾಡುತ್ತಿದ್ದಾಳೆ ಎಂಬುದು ಅವನಿಗೆ ತಿಳಿಯುತ್ತದೆ. ಹದಿಹರೆಯದವರು ಕಟ್ಟುನಿಟ್ಟನ್ನು ಸಹಿಸುತ್ತಾರೆ; ನೋಡದೇ ಹೇಳಿದ ತೀರ್ಪನ್ನು ಸಹಿಸುವುದಿಲ್ಲ.

ಜೊತೆಗೆ ಕೂತು ನೋಡುವಾಗ ಪ್ರತಿ ದೃಶ್ಯಕ್ಕೂ ವ್ಯಾಖ್ಯಾನ ಮಾಡುತ್ತ ಕೂರಬೇಡಿ. ಕಂತು ಮುಗಿದ ಮೇಲೆ ಒಂದೆರಡು ಪ್ರಶ್ನೆ ಸಾಕು: ‘ಅವನು ಪೊಲೀಸ್ ಕಂಪ್ಲೇಂಟ್ ಕೊಟ್ಟಿದ್ರೆ ಏನಾಗ್ತಿತ್ತು?’, ‘ಸತ್ತ ಡ್ರೈವರ್ ಮನೇಲಿ ಯಾರ್ಯಾರು ಇದ್ರೋ ಏನೋ?’ ಎಂಬಂಥವು. ಉತ್ತರ ಬಾರದಿದ್ದರೆ ಒತ್ತಾಯ ಬೇಡ.

ಅನುಮತಿ ಕೊಟ್ಟ ಮೇಲೆ ವ್ಯವಸ್ಥೆಯ ಕೆಲಸ ಸ್ವಲ್ಪ ಉಳಿದಿರುತ್ತದೆ. 2021ರ ನಿಯಮಗಳಂತೆ ಯು/ಎ 13+ ಮತ್ತು ಅದಕ್ಕಿಂತ ಮೇಲಿನ ವರ್ಗದ ಕಾರ್ಯಕ್ರಮಗಳಿಗೆ ಪೋಷಕರು ಬೀಗ ಹಾಕುವ ಸೌಲಭ್ಯವನ್ನು ಒಟಿಟಿಗಳು ಒದಗಿಸಬೇಕು. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಆ ಖಾತೆ ಬೆಂಗಳೂರಿನಲ್ಲಿರುವ ಚಿಕ್ಕಪ್ಪನದೋ ಅತ್ತೆಯ ಮಗನದೋ ಆಗಿರುತ್ತದೆ, ಮಕ್ಕಳು ನೋಡುವುದು ಆ ದೊಡ್ಡವರ ಪ್ರೊಫೈಲಿನಲ್ಲೇ, ಬೀಗ ಹಾಕುವ ಯೋಚನೆ ಯಾರಿಗೂ ಬಂದಿರುವುದಿಲ್ಲ. ಖಾತೆಯವರಿಗೆ ಫೋನ್ ಮಾಡಿ, ಮಗುವಿನ ಹೆಸರಿನಲ್ಲಿ ಬೇರೆ ಪ್ರೊಫೈಲ್ ಮಾಡಿಸಿ ವಯಸ್ಸಿನ ಮಿತಿ ಹಾಕಿಸಿ, ದೊಡ್ಡವರ ಪ್ರೊಫೈಲಿಗೆ ಪಿನ್ ಇಡಿಸಿ. ಒಂದು ಕಂತು ಮುಗಿದೊಡನೆ ಮುಂದಿನದು ತಾನಾಗಿಯೇ ಆರಂಭವಾಗುವುದನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿ. ಈ ವಯಸ್ಸಿನವರಿಗೆ ಎಂಟರಿಂದ ಹತ್ತು ಗಂಟೆಗಳ ನಿದ್ರೆ ಬೇಕು, ಮತ್ತು ಕುತೂಹಲ ಕೆರಳಿಸಿ ನಿಲ್ಲಿಸುವ ಕಂತುಗಳು ಕದಿಯುವುದು ಆ ಹೊತ್ತನ್ನೇ. ಮಲಗುವ ಕೋಣೆಯ ಮೊಬೈಲಿಗಿಂತ ಹಜಾರದ ಟಿವಿ ಎಷ್ಟೋ ಮೇಲು.

ನೋಡಿದ ನಂತರದ ಒಂದೆರಡು ವಾರ ನಿದ್ದೆಗೆಡುವುದು, ಒಂಟಿಯಾಗಿರಲು ಹೆದರುವುದು, ತಮ್ಮ–ತಂಗಿಯರ ಮೇಲೆ ಅಸಾಧಾರಣವಾಗಿ ಸಿಡುಕುವುದು, ಸಾವಿನ ಬಗ್ಗೆ ಪದೇ ಪದೇ ಮಾತಾಡುವುದು ಕಂಡುಬಂದರೆ ಸರಣಿಯನ್ನು ನಿಲ್ಲಿಸಿ ಮಾತಾಡಿ. ಮಾತಿನಿಂದ ಸರಿಹೋಗದಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಸಲಹೆ ಪಡೆಯಬಹುದು. ಮಕ್ಕಳ ಸಹಾಯವಾಣಿ 1098. ತೆರೆಯ ಚಟವೇ ತೊಂದರೆಯೆನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ಒಂದು ಚಿಕಿತ್ಸಾಲಯವಿದೆ.

ಸರಣಿಗೆ ಕೊಟ್ಟ ಗುರುತೇ ತಪ್ಪೆಂದು, ಅಥವಾ ವಾಹಿನಿಯಲ್ಲಿ ಮಕ್ಕಳು ನೋಡುವ ಹೊತ್ತಿನಲ್ಲಿ ಅತಿಯಾದ ಕ್ರೌರ್ಯ ಪ್ರಸಾರವಾಯಿತೆಂದು ನಿಮಗೆ ಖಚಿತವಾದರೆ ದೂರು ಕೊಡಿ; ಅದು ಬಹಳ ಜನ ಬಳಸದ ಸೌಲಭ್ಯ. ಒಟಿಟಿಯಾದರೆ ಅದರ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಇಪ್ಪತ್ನಾಲ್ಕು ಗಂಟೆಗಳೊಳಗೆ ದೂರು ತಲುಪಿದ ಸೂಚನೆಯನ್ನೂ ಹದಿನೈದು ದಿನಗಳೊಳಗೆ ನಿರ್ಧಾರವನ್ನೂ ಅವರು ತಿಳಿಸಬೇಕು, ಒಪ್ಪಿಗೆಯಾಗದಿದ್ದರೆ ಸ್ವನಿಯಂತ್ರಣ ಸಂಸ್ಥೆಗೆ ಮೇಲ್ಮನವಿ ಹೋಗಬಹುದು. ಮನರಂಜನೆಯ ವಾಹಿನಿಗಳಿಗೂ 2021ರಿಂದ ಇಂಥದೇ ದೂರಿನ ವ್ಯವಸ್ಥೆಯಿದೆ. ಅವುಗಳ ದೂರುಗಳನ್ನು ಪರಿಶೀಲಿಸಲು 2011ರಲ್ಲೇ ಬ್ರಾಡ್‌ಕಾಸ್ಟಿಂಗ್ ಕಂಟೆಂಟ್ ಕಂಪ್ಲೇಂಟ್ಸ್ ಕೌನ್ಸಿಲ್ ಸ್ಥಾಪನೆಯಾಗಿದೆ. ದೂರಿನಲ್ಲಿ ಕೋಪಕ್ಕಿಂತ ವಿವರ ಹೆಚ್ಚಿರಲಿ: ಸರಣಿಯ ಹೆಸರು, ಸೀಸನ್ ಮತ್ತು ಕಂತಿನ ಸಂಖ್ಯೆ, ದೃಶ್ಯ ಬರುವ ನಿಮಿಷ, ನೋಡಿದ ಭಾಷೆ, ವಾಹಿನಿಯಾದರೆ ಪ್ರಸಾರವಾದ ದಿನಾಂಕ ಮತ್ತು ವೇಳೆ, ಆಗ ಪರದೆಯ ಮೇಲಿದ್ದ ಗುರುತು, ಮತ್ತು ಆ ಗುರುತಿಗೆ ದೃಶ್ಯ ಏಕೆ ಹೊಂದುವುದಿಲ್ಲ ಎಂಬುದನ್ನು ನಾಲ್ಕೈದು ಸಾಲುಗಳಲ್ಲಿ ಬರೆದು, ಕಳುಹಿಸಿದ್ದರ ಒಂದು ಪ್ರತಿಯನ್ನು ದಿನಾಂಕದೊಂದಿಗೆ ಇಟ್ಟುಕೊಳ್ಳಿ.